ಕಾರಿನ ಲೆಕ್ಕ, ಬೆಟ್ಟದ ಲೆಕ್ಕ



1997ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ಹವಾಮಾನ ಒಪ್ಪಂದವೊಂದು ರೂಪುಗೊಂಡಿತು. ಮೊದಲು ಹೊಗೆಯುಗುಳಿ ಸಿರಿವಂತವಾದ ರಾಷ್ಟ್ರಗಳೇ ಮೊದಲು ಹೊಗೆ ತಗ್ಗಿಸಬೇಕೆಂಬುದು ಅದರ ತಿರುಳು. ಚೀನಾ, ಭಾರತಗಳಿಗೆ ಕಡ್ಡಾಯ ಮಿತಿಯಿರಲಿಲ್ಲ. ಇಂತಹ ಒಪ್ಪಂದ ಬೇಡವೆಂದು ಅಮೆರಿಕದ ಸೆನೆಟ್ ಆ ವರ್ಷದ ಜುಲೈನಲ್ಲಿಯೇ 95–0 ಮತಗಳಿಂದ ನಿರ್ಣಯಿಸಿತ್ತು. 2001ರಲ್ಲಿ ಅಧ್ಯಕ್ಷ ಬುಷ್ ಒಪ್ಪಂದವನ್ನೇ ತಿರಸ್ಕರಿಸಿದರು. ಸಾವಿರ ಜನರಿಗೆ ಎಂಟುನೂರರ ಆಸುಪಾಸಿನಲ್ಲಿ ಮೋಟಾರು ವಾಹನಗಳಿದ್ದ ದೇಶದ ತೀರ್ಮಾನವದು! ಭಾರತದಲ್ಲಿ 2018ರಲ್ಲಿಯೂ ಸಾವಿರ ಜನರಿಗಿದ್ದ ಕಾರುಗಳು ಸುಮಾರು 22.

ಆದ್ದರಿಂದ ತಲಾ ಲೆಕ್ಕದ ವಾದ ನ್ಯಾಯವಾದುದೇ. ಆದರೆ ಆ ವಾದದೊಳಗೊಂದು ಜಾಣತನವೂ ಅಡಗಿದೆ. ಕಾರಿಲ್ಲದ ಹಳ್ಳಿಗರ ತಲೆಗಳನ್ನು ಎಣಿಕೆಗೆ ಸೇರಿಸಿಕೊಂಡು ಪಡೆದ ರಿಯಾಯಿತಿಯಲ್ಲಿ ಕಾರುಗಳು ನಗರದ ಬೀದಿಗಳಿಗೆ ಬಂದವು.

ಚೀನಾದಲ್ಲಿ 2000ದ ವೇಳೆಗೆ ವರ್ಷಕ್ಕೆ ಸುಮಾರು 20 ಲಕ್ಷ ವಾಹನಗಳು ಮಾರಾಟವಾಗುತ್ತಿದ್ದವು. 2009ರಲ್ಲಿ ಆ ಸಂಖ್ಯೆ 1 ಕೋಟಿ 36 ಲಕ್ಷಕ್ಕೇರಿ ಅಮೆರಿಕವನ್ನೂ ಮೀರಿತು. ಒಂದು ವಾಹನಕ್ಕೆ ಸರಾಸರಿ 900 ಕಿಲೋ ಉಕ್ಕು ಬೇಕು. ಉಕ್ಕಿಗೆ ಅದಿರು, ಅದಿರಿಗೆ ಬೆಟ್ಟ. ಆ ಉಕ್ಕಿನ ದೊಡ್ಡ ಪಾಲು ಕಟ್ಟಡಗಳಿಗೆ ಹೋಯಿತೆಂಬುದು ನಿಜ. ಆದರೂ ಆ ದಶಕದ ಚೀನಾದ ಕುಲುಮೆಗಳಿಗೆ ಬಳ್ಳಾರಿ, ಸಂಡೂರುಗಳ ಗುಡ್ಡಗಳೂ ಹಡಗೇರಿದವು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯುವ ಹೊತ್ತಿಗೆ ಗುಡ್ಡಗಳ ಆಕಾರವೇ ಬದಲಾಗಿತ್ತು. ಕುದುರೆಮುಖದ ಅದಿರಂತೂ ನುಣ್ಣಗೆ ಅರೆಯಲ್ಪಟ್ಟು, ನೀರಿನೊಡನೆ ಕೊಳವೆಯಲ್ಲಿ ಘಟ್ಟವಿಳಿದು, ಮಂಗಳೂರಿನಿಂದ ಜಪಾನಿಗೂ ಚೀನಾಕ್ಕೂ ಸಾಗಿತು.

ಈಗ ವಿದ್ಯುತ್ ಕಾರುಗಳ ಕಾಲ. 2024ರಲ್ಲಿ ಚೀನಾದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಚಾರ್ಜ್ ಮಾಡುವ ಕಾರುಗಳು. ನಗರದ ಗಾಳಿಗೆ ಇದು ಒಳ್ಳೆಯದೇ; ಅದನ್ನು ಅಲ್ಲಗಳೆಯುವುದು ಮೊಂಡುತನವಾದೀತು. ಆದರೆ ಅಲ್ಲಿನ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಕಲ್ಲಿದ್ದಲಿನದು. ಬ್ಯಾಟರಿಯ ನಿಕ್ಕಲ್ಲಿಗಾಗಿ ಇಂಡೊನೇಷ್ಯಾದ ಸುಲಾವೆಸಿ, ಹಲ್ಮಹೆರಾ ದ್ವೀಪಗಳ ಕಾಡು ಬೋಳಾಗುತ್ತಿದೆ. ಉಕ್ಕಂತೂ ಹಿಂದಿನಷ್ಟೇ ಬೇಕು.

2026ರ ಜನವರಿಯಿಂದ ಐರೋಪ್ಯ ಒಕ್ಕೂಟವು ಆಮದಾಗುವ ಉಕ್ಕಿಗೆ ಇಂಗಾಲದ ಸುಂಕವನ್ನು ಜಾರಿಗೆ ತಂದಿದೆ. ಭಾರತ ಇದನ್ನು ವಿರೋಧಿಸಿದೆ. ಒಂದು ಪಕ್ಷ ಹವಾಮಾನದ ಹೆಸರು ಹೇಳುತ್ತದೆ, ಇನ್ನೊಂದು ಬಡವರ ಹೆಸರು. ಇಬ್ಬರ ಜಗಳವೂ ಕುಲುಮೆಯ ಹೊಗೆಯ ಕುರಿತಾದುದು. ಹೊಗೆಯನ್ನು ಟನ್ನುಗಳಲ್ಲಿ ಅಳೆಯಬಹುದು, ಕಡಿದ ಕಾಡಿನ ಇಂಗಾಲಕ್ಕೂ ಲೆಕ್ಕವುಂಟು. ಕೆಂಪು ಹೂಳು ತುಂಬಿದ ಹೊಳೆಗೆ ಆ ಕಡತದಲ್ಲಿ ಅಂಕಣವೇ ಇಲ್ಲ.

ಕುದುರೆಮುಖದ ಗಣಿಗಾರಿಕೆ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತಿತು. ಅದಿರು ಕೊಂಡವರ ಕಾರುಗಳಲ್ಲಿ ಎಷ್ಟೋ ಗುಜರಿ ಸೇರಿರಬೇಕು. ಭದ್ರೆಯ ಸೆರಗಿನಲ್ಲಿ, ಲಕ್ಯಾ ಅಣೆಕಟ್ಟಿನ ಹಿಂದೆ, ಗಣಿಯ ಹೂಳು ಹಾಗೆಯೇ ನಿಂತಿದೆ.