ನಗರದ ಸಂಪತ್ತೂ ಮನೆಯ ಹುಟ್ಟುವಳಿಯೂ
(ಸತ್ತೂರಿನಲ್ಲಿ ಮಾಡಿದ ಉಪನ್ಯಾಸ)



ಹುಬ್ಬಳ್ಳಿ-ಧಾರವಾಡಗಳು 1962ರಲ್ಲಿ ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ಒಳಪಟ್ಟವು. ಅವೆರಡರ ನಡುವಣ ಈ ಸತ್ತೂರಿನಲ್ಲಿ ಇಂದು ದೊಡ್ಡ ಆಸ್ಪತ್ರೆಯೂ ವೈದ್ಯವಿದ್ಯಾಲಯವೂ ಇರುವವು. ಒಂದೇ ಬಸ್ಸಿನಿಂದ ವೈದ್ಯನೂ ಇಳಿಯುವನು, ಆಸ್ಪತ್ರೆಯ ನೆಲವನ್ನು ಒರೆಸುವ ತಾಯಿಯೂ ಇಳಿಯುವಳು. ಸಂಜೆಗೆ ಅವರು ಮರಳುವ ಮನೆಗಳ ಹುಟ್ಟುವಳಿಯಾದರೋ ಬೇರೆ ಬೇರೆ. ಈ ಅಂತರವನ್ನು ಅಳೆಯುವ ಬಗೆ ಯಾವದು, ಅಳೆದ ಬಳಿಕ ಭಕ್ತರ ಕರ್ತವ್ಯವೇನು ಎಂಬುದೇ ಇಂದಿನ ವಿಷಯವು.

ನಗರದ ಏಳಿಗೆಯನ್ನು ಸರಾಸರಿಯಿಂದ ಹೇಳುವದು ರೂಢಿಯಾಗಿರುವದು. ಒಂದು ಓಣಿಯಲ್ಲಿ ಹತ್ತು ಮನೆಗಳಿವೆಯೆಂದು ಭಾವಿಸಿರಿ. ಒಂಬತ್ತು ಮನೆಗಳಿಗೆ ತಿಂಗಳಿಗೆ 10,000 ರೂಪಾಯಿ, ಹತ್ತನೆಯ ಮನೆಗೆ 2,10,000 ರೂಪಾಯಿ ಬಂದರೆ, ಸರಾಸರಿಯು 30,000 ಆಗುವದು. ಆದರೆ ಆ ಓಣಿಯಲ್ಲಿ 30,000 ಬರುವ ಮನೆ ಒಂದಾದರೂ ಇಲ್ಲ! ಅದಕಾರಣ ಮನೆಗಳನ್ನು ಹುಟ್ಟುವಳಿಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, ನಟ್ಟನಡುವಿನ ಮನೆಯ ಸ್ಥಿತಿಯನ್ನೂ ಕಡೆಯ ಮನೆಯ ಸ್ಥಿತಿಯನ್ನೂ ನೋಡತಕ್ಕದ್ದು. ಉಣ್ಣುವವರ ಸಂಖ್ಯೆಯನ್ನೂ ಎಣಿಸತಕ್ಕದ್ದು. 20,000 ರೂಪಾಯಿ ನಾಲ್ವರ ಮನೆಯಲ್ಲಿ ತಲೆಗೆ 5,000 ಆದರೆ, ಎಂಟು ಜನರ ಮನೆಯಲ್ಲಿ 2,500 ಮಾತ್ರವೇ ಆಗುವದು.

ಭಾರತ ಸರಕಾರವು 2022-23ರಲ್ಲಿ ಮನೆಮನೆಯ ವೆಚ್ಚವನ್ನು ವಿಚಾರಿಸಿತು. ದೇಶದ ನಗರವಾಸಿಗಳಲ್ಲಿ ತಲೆಗೆ ತಿಂಗಳ ಸರಾಸರಿ ವೆಚ್ಚವು 6,459 ರೂಪಾಯಿ ಎಂದು ಕಂಡುಬಂದಿತು. ಆದರೆ ಕೆಳಗಿನ ನೂರಕ್ಕೆ ಐವರ ವೆಚ್ಚವು ಸರಾಸರಿ 2,001 ರೂಪಾಯಿ, ಮೇಲಿನ ನೂರಕ್ಕೆ ಐವರದು 20,824 ರೂಪಾಯಿ. ಹತ್ತು ಪಟ್ಟಿಗೂ ಮಿಗಿಲು. ಇದು ವೆಚ್ಚದ ಲೆಕ್ಕವೆಂಬುದನ್ನು ಮರೆಯಲಾಗದು. ಉಳ್ಳವರು ಬಂದುದೆಲ್ಲವನ್ನೂ ವೆಚ್ಚಮಾಡದೆ ಕೂಡಿಡುವರು. ಇಲ್ಲದವರು ಸಾಲಮಾಡಿಯೂ ಉಣ್ಣುವರು. ಆದುದರಿಂದ ಹುಟ್ಟುವಳಿಯ ಅಂತರವು ಇದಕ್ಕಿಂತಲೂ ದೊಡ್ಡದಾಗಿರುವದು.

ಈ ಪ್ರಸಂಗದಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆ ಸ್ಮರಣೀಯವು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನಾದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದನು. ಲಕ್ಕಮ್ಮನು ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದುಬರುವಂತೆ ಹೇಳಿದಳು. ಈ ಕಥೆಯನ್ನು ಕೆಲವರು ಬಡವನಿಗೆ ತೃಪ್ತಿಯನ್ನು ಬೋಧಿಸಲು ಬಳಸುವದುಂಟು. ಅದು ಸರಿಯಲ್ಲ. ಲಕ್ಕಮ್ಮನು ತಿರುಗಿ ಕಳಿಸಿದ್ದು ಅಗತ್ಯವನ್ನು ಮೀರಿದುದನ್ನೇ ಹೊರತು ದಿನದ ಪಡಿಯನ್ನಲ್ಲ. ಆ ಪಡಿಯಿಂದಲೇ ಆಕೆ ದಾಸೋಹವನ್ನು ನಡೆಸಿದಳು. ಆದಕಾರಣ ಈ ಮಾತು ಮೊದಲು ತಾಕುವದು ಕೂಡಿಟ್ಟವನಿಗೆ. ಆಳಿನ ಕೂಲಿಯನ್ನು ಕಡಿಮೆಮಾಡಿ, ಉಳಿದ ಹಣದಿಂದ ಜಾತ್ರೆಯಲ್ಲಿ ಅನ್ನ ನೀಡಿದರೆ ಅದು ದಾಸೋಹವೆನಿಸಲಾರದು.

ಬಡತನವು ತಂದೆಯಿಂದ ಮಗನಿಗೆ ಇಳಿಯದಂತೆ ತಡೆಯುವದು ಇನ್ನೊಂದು ಕರ್ತವ್ಯವು. ಧಾರವಾಡದ ಮುರುಘಾಮಠದ ಪ್ರಸಾದನಿಲಯವು ಇದನ್ನು ಮಾಡಿ ತೋರಿಸಿತು. ಮೃತ್ಯುಂಜಯ ಅಪ್ಪಗಳು ಹಳ್ಳಿಯ ಬಡಮಕ್ಕಳಿಗೆ ಅನ್ನವನ್ನೂ ಆಸರೆಯನ್ನೂ ಕೊಟ್ಟುದರಿಂದ, ತಂದೆಯ ಹುಟ್ಟುವಳಿಯು ಮಗನ ವಿದ್ಯೆಗೆ ಎಲ್ಲೆಯಾಗದೆ ಹೋಯಿತು.

ಇಂದು ಮನೆಗೆ ಮರಳಿದ ಬಳಿಕ ಪ್ರತಿಯೊಬ್ಬ ಭಕ್ತನೂ ಎರಡು ಲೆಕ್ಕಗಳನ್ನು ನೋಡಲಿ. ತನ್ನಲ್ಲಿ ದುಡಿಯುವವನಿಗೆ ಕೊಡುವ ಸಂಬಳದಿಂದ ಅವನ ಮನೆಯವರೆಲ್ಲ ಎರಡು ಹೊತ್ತು ಉಣ್ಣಬಲ್ಲರೇ? ತನ್ನ ಮನೆಯಲ್ಲಿಯೇ ಎಲ್ಲರಿಗೂ ಬಡಿಸಿ ಕಡೆಯಲ್ಲಿ ಕೂಡ್ರುವ ತಾಯಿಗೆ ಏನು ಉಳಿದಿರುವದು? ಈ ಎರಡಕ್ಕೂ ನಿರ್ಮಲವಾದ ಉತ್ತರವು ದೊರೆತ ದಿನವೇ ಈ ಮಹೋತ್ಸವವು ಸಾರ್ಥಕವಾಗುವದು.