ಮಾಟುಂಗಾ: ಬೋರ್ಡಿಂಗಿನಿಂದ ಮನೆಯವರೆಗೆ



‘ನಾನು ಬಾಳಿದ ಬಡಾವಣೆ’ ಎಂಬ ವಿಷಯ ಕೊಟ್ಟಿದ್ದೀರಿ. ನನ್ನದು ಮಾಟುಂಗಾ. ಊರಿನಿಂದ ಬಂದ ನೆಂಟರಿಗೆ ನಾವು ಅಲ್ಲಿ ತೋರಿಸುವುದು ಇಡ್ಲಿ, ಫಿಲ್ಟರ್ ಕಾಫಿ, ಹೂವಿನ ಅಂಗಡಿಗಳನ್ನು. ಆದರೆ ಆ ಬಡಾವಣೆ ಹುಟ್ಟಿದ್ದು ಒಂದು ಮಹಾಮಾರಿಯಿಂದ.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ವಸತಿಗಳೇ ಇದಕ್ಕೆ ಕಾರಣವೆಂದು ಸರ್ಕಾರ ಭಾವಿಸಿತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಅದು ಊರಿನ ಉತ್ತರದ ಖಾಲಿ ನೆಲದಲ್ಲಿ ದಾದರ್, ಮಾಟುಂಗಾ ಬಡಾವಣೆಗಳ ಯೋಜನೆ ಹಾಕಿತು. ಅಗಲವಾದ ರಸ್ತೆ, ಸಾಲುಮರ, ಕಟ್ಟಡಗಳ ನಡುವೆ ಬಿಟ್ಟ ಜಾಗ, ಫೈವ್ ಗಾರ್ಡನ್ಸ್ ಎಲ್ಲವೂ ಆ ಯೋಜನೆಯ ಫಲ. ಮನೆಗಳು ಹೆಚ್ಚಾಗಿ ಎದ್ದದ್ದು 1920–30ರ ದಶಕಗಳಲ್ಲಿ.

ಆಫೀಸುಗಳಲ್ಲಿ ಗುಮಾಸ್ತರಾಗಿ, ಟೈಪಿಸ್ಟರಾಗಿ ಸೇರಿದ ದಕ್ಷಿಣದವರು ಇಲ್ಲಿ ನೆಲೆಸಿದರು. ತಮಿಳರು, ಮಲಯಾಳಿಗಳು, ನಾವು, ಊರವರ ಬಾಯಲ್ಲಿ ಎಲ್ಲರೂ ‘ಮದ್ರಾಸಿ’ಗಳೇ! 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು. 1942ರಲ್ಲಿ ಸ್ಟೇಷನ್ ಬಳಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಬಂತು. ಸಂಸಾರವನ್ನು ಊರಲ್ಲೇ ಬಿಟ್ಟು ಬಂದ ಗಂಡಸರಿಗೆ ಇಂಥ ಬೋರ್ಡಿಂಗುಗಳ ಎಲೆಯೂಟವೇ ಮನೆಯೂಟ. ಮಾಟುಂಗಾದ ಬಗ್ಗೆ ಬರೆದವರೆಲ್ಲ ಈ ಕಥೆಯನ್ನು ಬರೆದಿದ್ದಾರೆ. ಹೆಂಗಸರು ಬಂದ ಕಥೆ ಅಷ್ಟಾಗಿ ಸಿಗುವುದಿಲ್ಲ.

ನಮ್ಮತ್ತೆ ಮದುವೆಯಾಗಿ ಮೊದಲು ಬಂದದ್ದು ಪರೇಲಿನ ಚಾಳಿಗೆ. ಒಂದೇ ಖೋಲಿ, ಎಲ್ಲರಿಗೂ ಸೇರಿ ಒಂದು ನಲ್ಲಿ, ವರಾಂಡದ ಕೊನೆಯಲ್ಲಿ ಪಾಯಖಾನೆ. ಮಾಟುಂಗಾದ ಫ್ಲ್ಯಾಟುಗಳ ಹೊಸತನವೆಂದರೆ ಅಡಿಗೆಮನೆ, ಬಚ್ಚಲು, ಪಾಯಖಾನೆ ಎಲ್ಲ ಬಾಗಿಲೊಳಗೇ ಇದ್ದದ್ದು. ಇಲ್ಲಿಗೆ ಬಂದ ಮೇಲೆಯೇ ರಾತ್ರಿ ಹೊತ್ತು ಹೆದರದೆ ನೀರು ಕುಡಿದೆ ಎಂದು ಅತ್ತೆ ಹೇಳುತ್ತಿದ್ದರು. ಆ ಒಂದು ಮಾತಿನಲ್ಲಿ ಬಡಾವಣೆಯ ಅರ್ಧ ಚರಿತ್ರೆಯಿದೆ.

ಇನ್ನರ್ಧವನ್ನೂ ಹೇಳಬೇಕು. ಇಲ್ಲಿನ ಎಷ್ಟೋ ಕಟ್ಟಡಗಳಲ್ಲಿ ಬಾಡಿಗೆಗೆ ಮೊದಲು ಜಾತಿ ಕೇಳುತ್ತಿದ್ದರು. ‘ನಮ್ಮವರು’ ಎಂದು ನಮಗೆ ತೆರೆದ ಬಾಗಿಲು ಬೇರೆಯವರಿಗೆ ಮುಚ್ಚಿತ್ತು. ನಮ್ಮ ಫ್ಲ್ಯಾಟು ಗುಡಿಸಿ ತೊಳೆಯಲು ಧಾರಾವಿಯಿಂದ ಬರುತ್ತಿದ್ದ ಬಾಯಿಗೆ ಮಾತ್ರ ತನ್ನ ಮನೆಯಲ್ಲಿ ನಲ್ಲಿ ಇರಲಿಲ್ಲ.

ಈಗಿನ ಮಾಟುಂಗಾ ಬೇರೆ. 2017ರಲ್ಲಿ ಮಧ್ಯ ರೈಲ್ವೆಯ ಮಾಟುಂಗಾ ನಿಲ್ದಾಣವನ್ನು ಪೂರ್ತಿಯಾಗಿ ಮಹಿಳಾ ಸಿಬ್ಬಂದಿಗೇ ಒಪ್ಪಿಸಿದರು. ಒಂದು ಕಾಲಕ್ಕೆ ಗಂಡಸರು ಟ್ರಂಕು ಹಿಡಿದು ಇಳಿದ ಸ್ಟೇಷನ್ನಿನಲ್ಲಿ ಹೆಂಗಸರ ಆಡಳಿತ!

ಇನ್ನೊಂದು ಬದಲಾವಣೆ ನಮ್ಮ ಬಾಗಿಲಿಗೇ ಬಂದಿದೆ, ರಿಡೆವಲಪ್‌ಮೆಂಟ್. ಗ್ರೌಂಡ್ ಪ್ಲಸ್ ಟೂ ಕಟ್ಟಡಗಳ ಜಾಗದಲ್ಲಿ ಟವರುಗಳು ಏಳುತ್ತಿವೆ. ನಮ್ಮ ಬಿಲ್ಡಿಂಗಿನ ಕಾಗದಪತ್ರಕ್ಕೂ ಸಹಿ ಬಿದ್ದಿದೆ. ನಾನು ವಿರೋಧಿಸಲಿಲ್ಲ, ಸೋರುವ ಸೂರಿನಡಿ, ಲಿಫ್ಟ್ ಇಲ್ಲದ ಎರಡನೇ ಮಹಡಿಯಲ್ಲಿ ವಯಸ್ಸಾದವರು ಇರುವುದು ಸುಲಭವಲ್ಲ. ಆದರೆ ಟವರ್ ಏಳುವವರೆಗೆ ನೆರೆಯವರೆಲ್ಲ ಚೆದುರುತ್ತಾರೆ. ಡೊಂಬಿವಲಿಗೋ ಬೆಂಗಳೂರಿಗೋ ಮಕ್ಕಳ ಹತ್ತಿರ ಹೋದ ಎಂಬತ್ತರ ಅಜ್ಜಿ ತಿರುಗಿ ಬರುವುದು ಅನುಮಾನ. ಹಳೆಯ ಕಟ್ಟಡದ ಫೋಟೊ ಯಾರಾದರೂ ತೆಗೆದಿಟ್ಟಾರು, ಅಜ್ಜಿಯ ಮಾತು ಉಳಿಯುವುದಿಲ್ಲ.

ಅದಕ್ಕೆ ನನ್ನದೊಂದು ವಿನಂತಿ. ಮುಂದಿನ ಸಭೆಗೆ ಬರುವಾಗ ನಿಮ್ಮ ಬಿಲ್ಡಿಂಗಿನ ಒಬ್ಬ ಹಿರಿಯ ಹೆಂಗಸಿನ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತನ್ನಿ. ಯಾವ ವರ್ಷ ಬಂದಿರಿ, ಮನೆ ಕೊಡಿಸಿದವರು ಯಾರು, ಬಾಡಿಗೆ ಎಷ್ಟಿತ್ತು, ಬಾಣಂತನಕ್ಕೆ ಒದಗಿದ ನೆರೆಯವರು ಯಾರು ಎಂದು ಕೇಳಿ. ಮನೆಕೆಲಸಕ್ಕೆ ಬರುತ್ತಿದ್ದವರನ್ನೂ ಮರೆಯದೆ ಕೇಳಿ. ಬರೆದುಕೊಳ್ಳುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ.