ಎಸಿ ಕಿಂಡಿಯ ಮುಗ್ಗಲು ವಾಸನೆ

ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ಕರಾವಳಿ, ಮಲೆನಾಡಿನ ಕಾರುಗಳಲ್ಲಿ ಒಂದು ವಾಸನೆ ಹುಟ್ಟಿಕೊಳ್ಳುತ್ತದೆ. ಎಸಿ ಹಾಕಿದ ಕೂಡಲೇ ಡ್ಯಾಶ್‌ಬೋರ್ಡಿನ ಕಿಂಡಿಗಳಿಂದ ಮುಖಕ್ಕೆ ಹೊಡೆಯುವ ಮುಗ್ಗಲು ವಾಸನೆ, ಒಣಗದೆ ಮಡಚಿಟ್ಟ ಬಟ್ಟೆಯದರಂತೆ. ಎರಡು ಮೂರು ನಿಮಿಷ ಕಳೆದರೆ ಹೋಯಿತು ಅನ್ನಿಸುತ್ತದೆ. ಎಷ್ಟೋ ಸಲ ಅದು ಹೋಗಿರುವುದಿಲ್ಲ, ನಮ್ಮ ಮೂಗು ಅದಕ್ಕೆ ಒಗ್ಗಿಕೊಂಡಿರುತ್ತದೆ.

ಕಾರಿಲ್ಲದವರಿಗೆ ಈ ಮಾತೇಕೆ ಎನ್ನಬೇಡಿ. ಬಾಡಿಗೆ ಟ್ಯಾಕ್ಸಿಯಲ್ಲೋ ಮದುವೆಗೆ ಹೊರಟ ವ್ಯಾನಿನಲ್ಲೋ ಆ ಗಾಳಿಯನ್ನು ನಾವೆಲ್ಲ ಉಸಿರಾಡಿದವರೇ.

ಎಸಿ ಗಾಳಿಯನ್ನು ತಣಿಸುವಾಗ ಅದರ ತೇವವನ್ನೂ ಹಿಂಡಿ ತೆಗೆಯುತ್ತದೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಅಚ್ಚುಕೂಟಕ್ಕೆ ಇಂಥ ವ್ಯವಸ್ಥೆಯನ್ನು ರೂಪಿಸಿದ್ದು ಮುಖ್ಯವಾಗಿ ತೇವವನ್ನು ಹತೋಟಿಗೆ ತರಲು. ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಜರುಗುತ್ತಿದ್ದವು. ನಮ್ಮ ಕಾರಿನಲ್ಲೂ ನಡೆಯುವುದು ಅದೇ ಕೆಲಸ. ಡ್ಯಾಶ್‌ಬೋರ್ಡಿನ ಹಿಂದೆ, ಕಣ್ಣಿಗೆ ಬೀಳದ ಕತ್ತಲಲ್ಲಿ, ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿಗಳ ಕೂಲಿಂಗ್ ಕಾಯಿಲ್ ಇದೆ. ಗಾಳಿಯ ತೇವ ಅದರ ಮೇಲೆ ನೀರಾಗಿ ಕೂತು, ಡ್ರೈನ್ ಪೈಪಿನಿಂದ ಇಳಿದು ರಸ್ತೆಗೆ ತೊಟ್ಟಿಕ್ಕುತ್ತದೆ. ಕಾರಿನಡಿಯ ಆ ತಿಳಿನೀರನ್ನು ಕಂಡು ಗಾಬರಿಯಾಗುವವರಿದ್ದಾರೆ. ಅದು ಬೀಳುತ್ತಿರಬೇಕು. ಜಿಗುಟು ಸೆಕೆಯ ದಿನ ಬಹಳ ಹೊತ್ತು ಎಸಿ ಓಡಿಸಿದರೂ ಒಂದು ಹನಿ ಬೀಳದಿದ್ದರೆ ಪೈಪಿನಲ್ಲಿ ಕಸ ಕಟ್ಟಿರಬಹುದು, ತೋರಿಸಬೇಕು.

ನಾವು ಊರು ಮುಟ್ಟಿದ ಕೂಡಲೇ ಎಸಿ, ಬ್ಲೋವರ್, ಎಂಜಿನ್ ಎಲ್ಲವನ್ನೂ ಒಟ್ಟಿಗೆ ಆರಿಸಿ ಇಳಿದುಬಿಡುತ್ತೇವೆ. ಕಾಯಿಲ್ ಒದ್ದೆಯಾಗಿಯೇ ಉಳಿಯುತ್ತದೆ. ಮೇಲೆ ಧೂಳು, ಒಳಗೆ ಕತ್ತಲು. ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಇನ್ನೇನು ಬೇಕು? ಮಾರನೆಯ ದಿನ ಗುಂಡಿ ಒತ್ತಿದಾಗ ಅವುಗಳ ವಾಸನೆಯೇ ಮೊದಲು ಹೊರಗೆ ಬರುತ್ತದೆ.

ಅದಕ್ಕೆ ನಾವು ಮಾಡುವುದೇನು? ಕಿಂಡಿಗೆ ಒಂದು ಸುಗಂಧದ ಡಬ್ಬಿ ಸಿಕ್ಕಿಸುತ್ತೇವೆ. ಮಲ್ಲಿಗೆಯದ್ದೋ ನಿಂಬೆಯದ್ದೋ ಘಾಟು ನಾಲ್ಕು ದಿನ ಮುಂದೆ ನಿಲ್ಲುತ್ತದೆ, ಹಿಂದೆ ಬೂಷ್ಟು ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಹಿಂದಿನ ಸೀಟಿನಲ್ಲಿ ಕೂತ ಆಸ್ತಮಾದ ಮಗುವಿಗೆ, ಅಲರ್ಜಿ ಇರುವ ಅಜ್ಜಿಗೆ ಆ ಬೂಷ್ಟು ಒಂದು ತೊಂದರೆ, ಆ ಸುಗಂಧ ಇನ್ನೊಂದು. ವಾಸನೆ ಮುಚ್ಚಿದ್ದೇವೆ ಎಂಬ ಸಮಾಧಾನದಲ್ಲಿ ನಾವು ಮೂಲದ ಕಡೆಗೆ ನೋಡುವುದನ್ನೇ ಬಿಡುತ್ತೇವಲ್ಲ, ನನಗೆ ನೋವಾಗುವುದು ಅಲ್ಲಿ.

ಮೂಲದ ಕಡೆಗೆ ನೋಡುವುದು ಕಷ್ಟವಲ್ಲ. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಬಿಚ್ಚಿದರೆ ಹಿಂದೆ ಕ್ಯಾಬಿನ್ ಫಿಲ್ಟರ್ ಸಿಗುತ್ತದೆ. ವರ್ಷಗಟ್ಟಲೆ ಮುಟ್ಟದ ಒಂದನ್ನು ಹೊರಗೆಳೆದು ನೋಡಿ. ಬಿಳಿಯಾಗಿದ್ದ ಮಡಿಕೆಗಳು ಬೂದಿಯ ಬಣ್ಣಕ್ಕೆ ತಿರುಗಿರುತ್ತವೆ. ಮಡಿಕೆಯ ಸಂದಿಯಲ್ಲಿ ಹೊಂಗೆ ಎಲೆಯ ಚೂರು, ಸತ್ತ ಸೊಳ್ಳೆ, ಅಂಚಿನಲ್ಲಿ ಕಪ್ಪು ಚುಕ್ಕಿಗಳು. ಸಾಮಾನ್ಯವಾಗಿ 10ರಿಂದ 15 ಸಾವಿರ ಕಿಲೋಮೀಟರಿಗೊಮ್ಮೆ ಅದನ್ನು ಬದಲಿಸಬೇಕು. ಮರದಡಿ ನಿಲ್ಲಿಸುವವರು ಮುಂದಿನ ಗಾಜಿನ ಬುಡದಲ್ಲಿ ಸೇರುವ ಎಲೆಗಳನ್ನೂ ತೆಗೆಯುತ್ತಿರಬೇಕು. ಇನ್ನೊಂದು ಅಭ್ಯಾಸಕ್ಕೆ ದುಡ್ಡೇ ಬೇಡ. ಮನೆ ಮುಟ್ಟಲು ಐದು ನಿಮಿಷ ಇರುವಾಗ ಎಸಿ ಆರಿಸಿ, ಹೊರಗಿನ ಗಾಳಿ ಬರುವಂತೆ ಮಾಡಿ, ಬ್ಲೋವರನ್ನು ಜೋರಾಗಿ ಓಡಲು ಬಿಡಿ. ಕಾಯಿಲಿನ ನೀರು ಬಹುಪಾಲು ಆರುತ್ತದೆ. ಬೂಷ್ಟು ಆಗಲೇ ದಪ್ಪಗೆ ಕಟ್ಟಿದ್ದರೆ ಮೆಕ್ಯಾನಿಕ್ ಕೈಯಲ್ಲಿ ಕಾಯಿಲ್ ತೊಳೆಸದೆ ಬೇರೆ ದಾರಿಯಿಲ್ಲ.

ಆದರೆ ವಾಸನೆ ಇದೆ ಎಂದು ಗೊತ್ತಾಗಬೇಕಲ್ಲ? ದಿನವಿಡೀ ಅದೇ ಗಾಳಿಯಲ್ಲಿ ಕೂತ ಟ್ಯಾಕ್ಸಿ ಚಾಲಕನಿಗೆ ಅದು ಗೊತ್ತಾಗುವುದಿಲ್ಲ. ಗೊತ್ತಾಗುವುದು ಹೊರಗಿನಿಂದ ಬಂದು ಕೂತವರಿಗೆ. ಅವರು ಮೂಗಿಗೆ ಸೆರಗು ಹಿಡಿಯುತ್ತಾರೆ, ಗಾಜು ಇಳಿಸುತ್ತಾರೆ, ಇಳಿದು ಹೋದ ಮೇಲೆ ಮೊಬೈಲಿನಲ್ಲಿ ಒಂದು ಸ್ಟಾರ್ ಕಡಿಮೆ ಕೊಡುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಏನಂದುಕೊಳ್ಳುತ್ತಾನೋ ಎಂಬ ದಾಕ್ಷಿಣ್ಯ. ಈ ದಾಕ್ಷಿಣ್ಯವನ್ನು ನಾನು ಒಳ್ಳೆಯತನವೆಂದು ಒಪ್ಪಲಾರೆ. ನಾವು ಅರ್ಧ ಗಂಟೆಯಲ್ಲಿ ಇಳಿದು ಹೋಗುತ್ತೇವೆ, ಅವನು ರಾತ್ರಿಯವರೆಗೂ ಅದನ್ನೇ ಉಸಿರಾಡಬೇಕು.

"ಅಣ್ಣಾ, ಎಸಿಯಿಂದ ಸ್ವಲ್ಪ ಮುಗ್ಗಲು ವಾಸನೆ ಬರ್ತಿದೆ, ಫಿಲ್ಟರ್ ಒಮ್ಮೆ ತೆಗೆಸಿ ನೋಡಿ" ಎಂದರೆ ಸಾಕು. ಸಂಬಳಕ್ಕೆ ಓಡಿಸುವ ಚಾಲಕನಾದರೆ ಅದರ ಖರ್ಚು ಅವನ ತಲೆಯ ಮೇಲೆ ಬೀಳಬಾರದು. ಗಾಡಿಯ ಮಾಲೀಕರು ಎಂಜಿನ್ ಆಯಿಲ್ ಬದಲಿಸುವ ದಿನವೇ ಆ ಫಿಲ್ಟರನ್ನೂ ಬಿಚ್ಚಿಸಿ ನೋಡಲಿ, ಕೊಳೆಯಾಗಿದ್ದರೆ ತಮ್ಮ ಲೆಕ್ಕದಲ್ಲೇ ಹೊಸದನ್ನು ಹಾಕಿಸಲಿ.